ಮಗುವಿಗೊಂದಿಷ್ಟು ನೆಲ

ನಾಮಕರಣಕ್ಕೋ ಅನ್ನಪ್ರಾಶನಕ್ಕೋ ಬಂದವರು ಮಗುವಿಗೆಂದು ತರುವ ಉಡುಗೊರೆಗಳ ಸಾಲಿನಲ್ಲಿ ವಾಕರ್ ಈಗ ಹೆಚ್ಚೂಕಮ್ಮಿ ಖಾಯಂ. ಗಾಲಿಗಳ ಮೇಲೊಂದು ಪ್ಲಾಸ್ಟಿಕ್ ಚೌಕಟ್ಟು, ನಡುವೆ ಕಾಲು ಇಳಿಬಿಡಲು ಬಟ್ಟೆಯ ಕುರ್ಚಿ, ಮುಂದುಗಡೆ ಒತ್ತಿದರೆ ಹಾಡುವ ಗುಂಡಿಗಳ ತಟ್ಟೆ. ಆರೇಳು ತಿಂಗಳ ಕೂಸನ್ನು ಅದರೊಳಗೆ ಕೂರಿಸಿದರೆ ಕಾಲ್ಬೆರಳ ತುದಿಯಿಂದ ನೆಲ ಒದ್ದುಕೊಂಡು ಹಾಲ್‌ನ ಉದ್ದಗಲಕ್ಕೂ ಓಡಾಡುತ್ತದೆ. ನೋಡಿದವರಿಗೆ ‘ಇನ್ನೇನು ನಡೆದೇಬಿಟ್ಟಿತು’ ಅನ್ನಿಸುತ್ತದೆ. ಕೊಟ್ಟವರ ಪ್ರೀತಿಯಲ್ಲಿ, ಕೂರಿಸಿದವರ ಕಾಳಜಿಯಲ್ಲಿ ಅನುಮಾನವಿಲ್ಲ. ಅನುಮಾನವಿರುವುದು ಆ ಓಡಾಟದ ಬಗ್ಗೆ. ಮೊದಲ ವರ್ಷದಲ್ಲಿ ಮಗುವಿನ ಮೈಕೈ ಹದಕ್ಕೆ ಬರಲು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಮನೆಯ ನೆಲ. ಎಚ್ಚರವಾಗಿರುವಾಗ ನೆಲದ ಮೇಲೆ ಕೈಕಾಲು ಆಡಿಸಲು ಜಾಗ, ಹತ್ತಿರದಲ್ಲೊಬ್ಬರು ದೊಡ್ಡವರು, ಹೊಟ್ಟೆಗೆ ಸರಿಯಾದ ಆಹಾರ ಸಿಕ್ಕರೆ ಆರೋಗ್ಯವಂತ ಮಗು ಉಳಿದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಸಹಾಯವೆಂದುಕೊಂಡು ನಾವು ತರುವ ಬಹಳಷ್ಟು ಸಾಮಾನು ಆ ನೆಲವನ್ನೇ ಮಗುವಿನಿಂದ ಕಸಿಯುತ್ತದೆ. ಕೇಳಲು ಇದು ಸರಳವಾದ ಮಾತು. ಆದರೆ ಇದರ ಹಿಂದೆ ಸುಮಾರು ನೂರು ವರ್ಷಗಳ ವಾದ-ಪ್ರತಿವಾದವಿದೆ.

ಆ ವಾದದ ಒಂದು ತುದಿಯಲ್ಲಿ ನಿಂತವರು ಅಮೆರಿಕದ ಮಕ್ಕಳ ಬೆಳವಣಿಗೆಯ ತಜ್ಞ ಆರ್ನಲ್ಡ್ ಗೆಸೆಲ್. ಮಗು ಯಾವಾಗ ಕತ್ತು ನಿಲ್ಲಿಸಬೇಕು, ಯಾವಾಗ ಕೂರಬೇಕು, ಯಾವಾಗ ನಡೆಯಬೇಕು ಎಂಬುದೆಲ್ಲ ನರಮಂಡಲದೊಳಗೇ ಬರೆದಿಟ್ಟ ವೇಳಾಪಟ್ಟಿ, ಹೊರಗಿನ ತರಬೇತಿಯಿಂದ ಹೆಚ್ಚೇನೂ ಆಗುವುದಿಲ್ಲ ಎಂಬುದು ಅವರ ನಿಲುವು. 1929ರಲ್ಲಿ ಅವರೂ ಹೆಲೆನ್ ಥಾಂಪ್ಸನ್ ಅವರೂ ಒಂದು ಜೋಡಿ ಅವಳಿ ಹೆಣ್ಣುಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧವಾಯಿತು. ಒಂದು ಮಗುವಿಗೆ ಮೆಟ್ಟಿಲು ಹತ್ತುವುದನ್ನು ಆರು ವಾರ ಕಲಿಸಿದರು, ಇನ್ನೊಂದನ್ನು ಬಿಟ್ಟರು. ಆಮೇಲೆ ಆ ಎರಡನೆಯದಕ್ಕೆ ಎರಡೇ ವಾರ ಕಲಿಸಿದ್ದು ಸಾಕಾಯಿತು, ಅಕ್ಕನ ಸಮಕ್ಕೆ ಬಂತು. 1940ರಲ್ಲಿ ಮನಶ್ಶಾಸ್ತ್ರಜ್ಞ ವೇಯ್ನ್ ಡೆನಿಸ್ ಮತ್ತು ಅವರ ಪತ್ನಿ ಮಾರ್ಸೆನಾ ಅಮೆರಿಕದ ಹೋಪಿ ಬುಡಕಟ್ಟಿನಿಂದ ಇದಕ್ಕೆ ಇನ್ನಷ್ಟು ಬಲ ತಂದರು. ಹೋಪಿ ತಾಯಂದಿರು ಹಸುಗೂಸನ್ನು ಹಲಗೆಗೆ ಬಿಗಿಯಾಗಿ ಸುತ್ತಿಡುವುದು ವಾಡಿಕೆ. ಹಾಗೆ ಸುತ್ತಿಟ್ಟ ಮಕ್ಕಳು, ಆ ಪದ್ಧತಿ ಬಿಟ್ಟ ಊರುಗಳ ಮಕ್ಕಳು, ಇಬ್ಬರೂ ನಡೆದದ್ದು ಹೆಚ್ಚೂಕಮ್ಮಿ ಒಂದೇ ವಯಸ್ಸಿಗೆ, ಸುಮಾರು 15 ತಿಂಗಳಿಗೆ. ಕೈಕಾಲು ಕಟ್ಟಿದರೂ ಮಗು ನಡೆಯುತ್ತದೆ ಅಂದಮೇಲೆ ಅನುಭವದ ಮಾತೇಕೆ, ಕಾಲ ಬಂದಾಗ ಎಲ್ಲ ತಾನಾಗಿ ಆಗುತ್ತದೆ ಎಂಬ ತೀರ್ಮಾನ ಪಠ್ಯಪುಸ್ತಕ ಸೇರಿತು. ‘ಆಗೋ ಕಾಲಕ್ಕೆ ಆಗತ್ತೆ ಬಿಡಿ’ ಎಂದು ನಮ್ಮ ಮನೆಗಳಲ್ಲಿ ಹೇಳುವುದೂ ಇದೇ ಸಿದ್ಧಾಂತವೇ.

ಆ ತೀರ್ಮಾನವನ್ನು ಮುರಿದವರೂ ಅದೇ ವೇಯ್ನ್ ಡೆನಿಸ್. ಇಪ್ಪತ್ತು ವರ್ಷಗಳ ನಂತರ, 1960ರಲ್ಲಿ, ಅವರು ಟೆಹರಾನಿನ ಅನಾಥಾಲಯಗಳ ಮಕ್ಕಳ ಬಗ್ಗೆ ಬರೆದರು. ಅಲ್ಲಿ ಮಕ್ಕಳಿಗೆ ಹಾಲಿತ್ತು, ಹಾಸಿಗೆಯಿತ್ತು, ಸ್ನಾನವೂ ಆಗುತ್ತಿತ್ತು. ಇಲ್ಲದಿದ್ದದ್ದು ಎತ್ತಿಕೊಳ್ಳುವ ಕೈ, ಕೂರಿಸುವವರು, ಬೋರಲು ಮಲಗಿಸುವವರು. ಮಕ್ಕಳು ಇಡೀ ದಿನ ಮೆತ್ತನೆಯ ಹಾಸಿಗೆಯಲ್ಲಿ ಅಂಗಾತ ಬಿದ್ದಿರುತ್ತಿದ್ದರು. ಒಂದರಿಂದ ಎರಡು ವರ್ಷದೊಳಗಿನ ಆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂಟಿಯಾಗಿ ಕೂರಲೂ ಬರುತ್ತಿರಲಿಲ್ಲ. ಮೂರು ವರ್ಷ ದಾಟಿದವರಲ್ಲೂ ನಡೆಯುವವರು ವಿರಳ. ಡೆನಿಸ್ ಗಮನಿಸಿದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಕೊನೆಗೂ ಚಲಿಸಲು ಕಲಿತ ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಅಂಬೆಗಾಲಿಡಲಿಲ್ಲ, ಕೂತಲ್ಲಿಂದಲೇ ಕುಂಡೆ ಎಳೆದುಕೊಂಡು ಸಾಗಿದರು. ಎಂದೂ ಬೋರಲು ಮಲಗಿಸದ ಮಗುವಿಗೆ ಅಂಬೆಗಾಲಿನ ದಾರಿಯೇ ತೆರೆದಿರಲಿಲ್ಲ. ಹಾಗಾದರೆ ಹೋಪಿ ಮಕ್ಕಳ ಕತೆ ಸುಳ್ಳೇ? ಸುಳ್ಳಲ್ಲ. ಆ ಮಕ್ಕಳ ಹಲಗೆಯ ಹೊತ್ತು ತಿಂಗಳು ಕಳೆದಂತೆ ಕಡಿಮೆಯಾಗುತ್ತಿತ್ತು, ತಾಯಿಯ ಮೈ, ಮಡಿಲು, ಮನೆಯ ನೆಲ ಎಲ್ಲವೂ ಸಿಗುತ್ತಿದ್ದವು. ಸ್ವಲ್ಪ ಕಾಲದ ಕಟ್ಟನ್ನು ಮಗುವಿನ ಮೈ ಸಹಿಸಿಕೊಳ್ಳುತ್ತದೆ, ದಿನವಿಡೀ ಮುಂದುವರಿಯುವ ಕೊರತೆಯನ್ನು ಸಹಿಸುವುದಿಲ್ಲ.

ಮೈ ಮತ್ತು ಜಾಗದ ಈ ನಂಟನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಮನಶ್ಶಾಸ್ತ್ರಜ್ಞೆ ಎಸ್ತರ್ ಥೆಲೆನ್. ಈಗಷ್ಟೇ ಹುಟ್ಟಿದ ಮಗುವನ್ನು ಕಂಕುಳಡಿ ಹಿಡಿದು ಪಾದವನ್ನು ಹಾಸಿಗೆಗೆ ತಾಗಿಸಿದರೆ ಅದು ಹೆಜ್ಜೆ ಹಾಕಿದಂತೆ ಒಂದಾದಮೇಲೊಂದು ಕಾಲೆತ್ತುತ್ತದೆ. ಎರಡು ತಿಂಗಳ ಹೊತ್ತಿಗೆ ಆ ಹೆಜ್ಜೆ ಮಾಯವಾಗುತ್ತದೆ. ಮಿದುಳು ಬೆಳೆದು ಆ ಪ್ರತಿವರ್ತನೆಯನ್ನು ಅದುಮಿಡುತ್ತದೆ ಎಂದೇ ದಶಕಗಳ ಕಾಲ ನಂಬಲಾಗಿತ್ತು. ಥೆಲೆನ್ ಅವರ ಪ್ರಶ್ನೆ ಸರಳ: ಅದೇ ಮಗು ಅಂಗಾತ ಮಲಗಿದಾಗ ಕಾಲನ್ನು ಅದೇ ಲಯದಲ್ಲಿ ಒದೆಯುತ್ತಲೇ ಇರುತ್ತದಲ್ಲ? 1984ರಲ್ಲಿ ಅವರೂ ಸಹೋದ್ಯೋಗಿಗಳೂ ಹೆಜ್ಜೆ ನಿಲ್ಲಿಸಿದ್ದ ಮಕ್ಕಳನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಎದೆಮಟ್ಟಕ್ಕೆ ಇಳಿಸಿ ಹಿಡಿದರು. ನೀರಿನಲ್ಲಿ ಕಾಲು ಹಗುರವಾದದ್ದೇ ತಡ, ಮಾಯವಾಗಿದ್ದ ಹೆಜ್ಜೆ ಮರಳಿತು. ಹೆಜ್ಜೆ ಹಾಕುತ್ತಿದ್ದ ಮಕ್ಕಳ ಕಾಲಿಗೆ ಪುಟ್ಟ ತೂಕ ಕಟ್ಟಿದಾಗ ಹೆಜ್ಜೆಗಳು ಕಡಿಮೆಯಾದವು. ಮೊದಲ ತಿಂಗಳುಗಳಲ್ಲಿ ತೊಡೆಗೆ ಕೊಬ್ಬು ತುಂಬುವ ವೇಗಕ್ಕೆ ಸ್ನಾಯುವಿನ ಬಲ ಸಾಲದೇ ಹೋಗುತ್ತದೆ, ಅಷ್ಟೇ. ಅಂದರೆ ಚಲನೆ ಎಂಬುದು ಮಿದುಳೊಂದರ ಆಜ್ಞೆಯಲ್ಲ. ತೂಕ, ಬಲ, ನೆಲ, ಆಸೆ ಎಲ್ಲ ಕೂಡಿ ಆ ಕ್ಷಣದಲ್ಲಿ ಹುಟ್ಟುವ ಪರಿಹಾರ ಅದು. ಆ ಪರಿಹಾರವನ್ನು ಮಗು ತನ್ನದೇ ಮೈಭಾರದೊಂದಿಗೆ, ತನ್ನದೇ ನೆಲದ ಮೇಲೆ ಹುಡುಕಿಕೊಳ್ಳಬೇಕು. ಭಾರವನ್ನೇ ಎತ್ತಿ ಹಿಡಿಯುವ ಯಂತ್ರದೊಳಗೆ ಕೂತರೆ ಬಿಡಿಸಬೇಕಾದ ಲೆಕ್ಕವೇ ಬೇರೆಯಾಗುತ್ತದೆ.

ಹಾಗೆಂದು ಬೆಳೆಸುವ ಕ್ರಮದಿಂದ ವ್ಯತ್ಯಾಸವೇ ಆಗುವುದಿಲ್ಲ ಎನ್ನಲಾಗದು. ಕೆನ್ಯಾದ ಕಿಪ್ಸಿಗಿಸ್ ತಾಯಂದಿರು ಮಗುವಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಕಲಿಸುತ್ತಾರೆ. ಚಾರ್ಲ್ಸ್ ಸೂಪರ್ 1976ರಲ್ಲಿ ದಾಖಲಿಸಿದಂತೆ ಆ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂಚೆ ಕೂರುತ್ತಿದ್ದರು, ನಡೆಯುತ್ತಿದ್ದರು. ತಾಯಂದಿರು ಕಲಿಸದ ಅಂಬೆಗಾಲಿನಲ್ಲಿ ಮಾತ್ರ ಅವರೇನೂ ಮುಂದಿರಲಿಲ್ಲ. ಅಭ್ಯಾಸ ಎಲ್ಲಿ ಬೀಳುತ್ತದೋ ಅಲ್ಲೇ ಫಲ. ಆದರೆ ಒಂದು ತಿಂಗಳು ಮುಂಚೆ ನಡೆದ ಮಗು ಮುಂದೆ ಹೆಚ್ಚು ಜಾಣನೋ ಹೆಚ್ಚು ಆಟಗಾರನೋ ಆಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ 816 ಆರೋಗ್ಯವಂತ ಮಕ್ಕಳನ್ನು ಹಿಂಬಾಲಿಸಿತ್ತು. ಭಾರತದ ಮಕ್ಕಳು ದೆಹಲಿಯವರು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಅಂಬೆಗಾಲು 5.2ರಿಂದ 13.5, ಒಂಟಿಯಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಇಷ್ಟು ಅಗಲವಾದ ಕಿಟಕಿಯೊಳಗೆ ಎಲ್ಲಿ ಬಿದ್ದರೂ ಸಹಜವೇ. ‘ನಮ್ಮ ಮೊಮ್ಮಗ ಒಂಬತ್ತಕ್ಕೇ ನಡೆದ’ ಎಂದು ಪಕ್ಕದ ಮನೆಯವರು ಹೇಳಿದರೆ ಸಂತೋಷಪಟ್ಟು ಸುಮ್ಮನಿರಬಹುದು. ಹನ್ನೊಂದು ತಿಂಗಳ ಮಗುವಿನ ಎರಡೂ ಕೈ ಹಿಡಿದು ದಿನವೂ ಓಣಿಯುದ್ದಕ್ಕೆ ನಡೆಸುವ ಅವಸರಕ್ಕೆ ಈ ಅಂಕಿಗಳಲ್ಲಿ ಯಾವ ಸಮರ್ಥನೆಯೂ ಇಲ್ಲ.

ನೆಲ ಎಂದಾಗ ಮೊದಲು ಬರುವುದು ಬೋರಲು ಮಲಗುವ ಪ್ರಶ್ನೆ. ಇಲ್ಲಿ ನಿಜವಾದ ಗೊಂದಲವಿದೆ. ‘ಬೋರಲು ಮಲಗಿಸಲೇಬೇಡಿ ಅಂತ ಡಾಕ್ಟರೇ ಹೇಳಿದ್ದಾರಲ್ಲ?’ ಎಂಬ ಆಕ್ಷೇಪ ನ್ಯಾಯವಾದದ್ದು. ನಿದ್ದೆಯಲ್ಲಿ ಮಗು ಹಠಾತ್ತನೆ ಸಾಯುವ ಪ್ರಕರಣಗಳಿಗೂ ಬೋರಲು ನಿದ್ದೆಗೂ ಸಂಬಂಧವಿದೆ ಎಂದು ತಿಳಿದಮೇಲೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಅಂಗಾತ ಅಥವಾ ಮಗ್ಗುಲಾಗಿ ಮಲಗಿಸಿ ಎಂದಿತು, 1994ರಲ್ಲಿ ದೇಶವ್ಯಾಪಿ ಪ್ರಚಾರ ಶುರುವಾಯಿತು. ಅಂಥ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಮಗ್ಗುಲೂ ಬೇಡ, ಅಂಗಾತವೇ ಸರಿ ಎಂಬ ಈಗಿನ ಸಲಹೆಯಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಆದರೆ ಜೊತೆಗೇ ಇನ್ನೊಂದೂ ಕಂಡಿತು: 1998ರ ಅಧ್ಯಯನವೊಂದರಲ್ಲಿ ಅಂಗಾತ ಮಲಗುವ ಮಕ್ಕಳು ಮಗುಚಿಕೊಳ್ಳುವುದು, ತೆವಳುವುದು, ಅಂಬೆಗಾಲು, ಹಿಡಿದು ಎದ್ದು ನಿಲ್ಲುವುದು ಇವನ್ನೆಲ್ಲ ತುಸು ತಡವಾಗಿ ಮಾಡಿದರು, ನಡೆದದ್ದು ಮಾತ್ರ ಒಂದೇ ವಯಸ್ಸಿಗೆ. ಒಂದೇ ಭಂಗಿಯಲ್ಲಿ ಬಿದ್ದಿದ್ದು ತಲೆಯ ಹಿಂಭಾಗ ಚಪ್ಪಟೆಯಾದ ಮಕ್ಕಳೂ ಹೆಚ್ಚು ಕಾಣತೊಡಗಿದರು. ಹಾಗಾಗಿ ನಿದ್ದೆಗೆ ಅಂಗಾತ, ಎಚ್ಚರಕ್ಕೆ ಬೋರಲು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಇನ್ನೂ ಓಡಾಡದ ಕೂಸಿಗೆ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಬೋರಲು ಆಟ ಹೇಳುತ್ತದೆ, ಅದೂ ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು, ದಿನದಲ್ಲಿ ಹಂಚಿಕೊಂಡು. ತಲೆ ದುಂಡಗಾಗಲೆಂದು ರಾಗಿಯೋ ಸಾಸಿವೆಯೋ ತುಂಬಿದ ದಿಂಬು ಇಡುವವರಿದ್ದಾರೆ. ನಿದ್ದೆ ಮಾಡುವ ಹಸುಗೂಸಿನ ಹತ್ತಿರ ಯಾವ ದಿಂಬೂ ಬೇಡ. ತಲೆಯ ಭಾರ ಇಳಿಸಲು ಬೋರಲು ಆಟವೇ ಸಾಕು.

ಆ ಮೂವತ್ತು ನಿಮಿಷ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಬೇಕು. ಒಂದು ತಿಂಗಳ ಕೂಸನ್ನು ನೆಲಕ್ಕೆ ಹಾಸಿದ ಕೌದಿಯ ಮೇಲೆ ಬೋರಲು ಹಾಕಿದರೆ ಅದು ಮೂಗನ್ನು ಒಂದು ಪಕ್ಕಕ್ಕೆ ಹೊರಳಿಸಿ, ಹುಬ್ಬು ಗಂಟಿಕ್ಕಿ, ನಡುಗುತ್ತ ತಲೆಯನ್ನು ಒಂದಂಗುಲ ಎತ್ತಿ ಮತ್ತೆ ಕೆನ್ನೆ ಊರುತ್ತದೆ. ಎರಡು ನಿಮಿಷಕ್ಕೇ ಸುಸ್ತಾಗಿ ಅಳು. ಅಷ್ಟಕ್ಕೇ ಎತ್ತಿಕೊಳ್ಳಿ, ತಪ್ಪೇನಿಲ್ಲ. ಸಂಜೆ ಇನ್ನೊಮ್ಮೆ ಹಾಕಿದರಾಯಿತು. ಹಾಲು ಕುಡಿದ ತಕ್ಷಣ ಮಾತ್ರ ಬೇಡ. ಮೂರನೇ ತಿಂಗಳಿಗೆ ಮೊಣಕೈ ಎದೆಯ ಕೆಳಗೆ ಬಂದು ಆಧಾರವಾಗುತ್ತದೆ, ಎದೆ ನೆಲ ಬಿಡುತ್ತದೆ. ಐದರ ಆಸುಪಾಸಿಗೆ ಅಂಗೈ ಊರಿ ಕೈ ನೇರವಾಗುತ್ತದೆ. ಆಗ ಎದುರಿಗೊಂದು ಗಿಲಕಿ ಇಟ್ಟರೆ ಮಗುವಿಗೆ ದೊಡ್ಡದೊಂದು ಸಮಸ್ಯೆ: ಅದನ್ನು ಹಿಡಿಯಲು ಒಂದು ಕೈ ಎತ್ತಬೇಕು, ಎತ್ತಿದರೆ ಮೈ ಒಂದು ಕಡೆ ವಾಲುತ್ತದೆ. ವಾಲದಂತೆ ಭಾರವನ್ನು ಇನ್ನೊಂದು ಹೆಗಲಿಗೆ ದಾಟಿಸುವುದನ್ನು ಅದು ಅಲ್ಲೇ ಕಲಿಯುತ್ತದೆ. ಮುಂದೆ ಅಂಬೆಗಾಲಿಗೂ ನಡಿಗೆಗೂ ಬೇಕಾದ ಮುಖ್ಯ ಉಪಾಯ, ಅಂದರೆ ಒಂದು ಕಡೆಗೆ ಭಾರ ಹೊರಿಸಿ ಇನ್ನೊಂದು ಕಡೆಯನ್ನು ಬಿಡಿಸಿಕೊಳ್ಳುವುದು, ಇದೇ. ಅಂಗೈಗೆ ಬೀಳುವ ಒತ್ತಡದಿಂದ ಬೆರಳುಗಳೂ ಬಿಚ್ಚಿಕೊಂಡು ಬಲಿಯುತ್ತವೆ. ತೀರಾ ಒಲ್ಲದ ಕೂಸನ್ನು ಒರಗಿ ಕೂತ ತಂದೆಯ ಎದೆಯ ಮೇಲೆ ಬೋರಲು ಹಾಕಿಕೊಂಡರೂ ಕೆಲಸ ನಡೆಯುತ್ತದೆ. ಮುಖ ನೋಡಲೆಂದಾದರೂ ಅದು ತಲೆಯೆತ್ತುತ್ತದೆ.

ನಮ್ಮ ಬಾಣಂತನದ ಪದ್ಧತಿಯಲ್ಲಿ ಇದು ಇರಲಿಲ್ಲವೇ ಎಂದು ಕೇಳುವವರಿಗೆ ಉತ್ತರ: ಇತ್ತು, ಬೇರೆ ಹೆಸರಿನಲ್ಲಿ. ಎರೆಯುವ ಹೆಂಗಸು ಬಚ್ಚಲಿನಲ್ಲಿ ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕೂತು, ಎರಡು ಮೊಣಗಂಟಿನ ನಡುವಿನ ತಗ್ಗಿನಲ್ಲಿ ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಾಳೆ. ಅಷ್ಟು ಹೊತ್ತೂ ಮಗು ತಲೆಯೆತ್ತಲು ಹೆಣಗುತ್ತದೆ. ದಿನಕ್ಕೊಂದು ಸಲ, ತಿಂಗಳುಗಟ್ಟಲೆ, ತಪ್ಪದೆ. ಕೈಯನ್ನು ಎದೆಯ ಮೇಲೆ ಅಡ್ಡಡ್ಡ ಮಡಿಸಿ ಬಿಡುವುದು, ಮೊಣಕಾಲನ್ನು ಹೊಟ್ಟೆಗೆ ಒತ್ತಿ ಚಾಚುವುದು ಇವೂ ಒಳ್ಳೆಯ ಚಲನೆಗಳೇ. ನಾಲ್ಕು ವಾರಗಳ ಮಾಲೀಸಿನ ಪರಿಣಾಮವನ್ನು ಹೋಲಿಸಿ 2000ದಲ್ಲಿ ನಮ್ಮ ದೇಶದಲ್ಲೇ ಪ್ರಕಟವಾದ ಅಧ್ಯಯನದಲ್ಲಿ ಎಳ್ಳೆಣ್ಣೆ ತಿಕ್ಕಿಸಿಕೊಂಡ ಮಕ್ಕಳ ಬೆಳವಣಿಗೆಯೂ ನಿದ್ದೆಯೂ ಸುಧಾರಿಸಿದ್ದವು. ಹಾಗೆಯೇ ಕಂಕುಳಲ್ಲಿ ಕಾಲಗಲಿಸಿ ಎತ್ತಿಕೊಳ್ಳುವ ನಮ್ಮ ರೂಢಿ ಸೊಂಟದ ಕೀಲಿಗೆ ಒಳ್ಳೆಯದು. ಎರಡೂ ಕಾಲನ್ನು ನೆಟ್ಟಗೆ ಚಾಚಿ ಬಿಗಿಯಾಗಿ ಸುತ್ತಿದರೆ ಆ ಕೀಲು ಜಾರುವ ಅಪಾಯ ಹೆಚ್ಚು ಎಂದು ಜಪಾನ್ ಅರಿತು, 1970ರ ದಶಕದಲ್ಲಿ ತಾಯಂದಿರಿಗೆ ತಿಳಿಹೇಳಿ ಆ ತೊಂದರೆಯನ್ನು ಬಹಳ ಇಳಿಸಿಕೊಂಡಿತು. ಆದರೆ ಪದ್ಧತಿಯನ್ನು ಇಡಿಯಾಗಿ ಹೊತ್ತುಕೊಳ್ಳಬೇಕಾಗಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಪಾದ ಹಿಡಿದು ತಲೆಕೆಳಗೆ ತೂಗುವುದು, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಕಟ್ಟುವುದು ಇವನ್ನು ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದ ಮಕ್ಕಳನ್ನು ನಮ್ಮ ವೈದ್ಯರು ಕಂಡಿದ್ದಾರೆ. ತೊಟ್ಟಿಲಿನ ಬಗ್ಗೆಯೂ ಒಂದು ಮಾತು: ಅದು ನಿದ್ದೆಯ ಜಾಗ. ಎಚ್ಚರವಾದ ಮಗು ಜೋಳಿಗೆಯ ತಗ್ಗಿನಲ್ಲಿ ಬೆನ್ನು ಬಾಗಿಸಿಕೊಂಡು ಬಿದ್ದಿದ್ದರೆ ಅದಕ್ಕೆ ಮಗುಚಿಕೊಳ್ಳಲು ಎಡೆಯೇ ಇಲ್ಲ.

ಈಗ ವಾಕರ್‌ಗೆ ಬರೋಣ. ಡಬ್ಲಿನ್‌ನ ಸಂಶೋಧಕರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೆಕ್ಕ ಸ್ಪಷ್ಟವಾಗಿದೆ. ವಾಕರ್‌ನಲ್ಲಿ ಕಳೆದ ಪ್ರತಿ 24 ಗಂಟೆಗೆ ಮಗು ಒಂಟಿಯಾಗಿ ನಡೆಯುವುದು 3.3 ದಿನ, ಒಂಟಿಯಾಗಿ ನಿಲ್ಲುವುದು 3.7 ದಿನ ತಡವಾದದ್ದು ಕಂಡುಬಂತು. ದಿನಕ್ಕೆ ಒಂದು ಗಂಟೆಯಂತೆ ಮೂರು ತಿಂಗಳು ಕೂರಿಸಿದರೆ ಹನ್ನೆರಡು ದಿನಗಳಿಗೂ ಮಿಕ್ಕಿದ ವಿಳಂಬ ಎಂದಾಯಿತು. ಹನ್ನೆರಡು ದಿನ ತಡವಾದರೆ ಮುಳುಗಿಹೋಗುವುದೇನೂ ಇಲ್ಲ, ಒಪ್ಪಿದೆ. ಪ್ರಶ್ನೆ ಇಷ್ಟೇ: ನಡಿಗೆ ಕಲಿಸಲೆಂದು ಕೊಂಡ ವಸ್ತು ನಡಿಗೆಯನ್ನು ತಡ ಮಾಡುವುದಾದರೆ ಕೊಳ್ಳುವುದೇಕೆ? ಕಾರಣವೂ ಗೂಢವಲ್ಲ. ಕುರ್ಚಿ ಸೊಂಟವನ್ನು ಎತ್ತಿ ಹಿಡಿದಿರುವುದರಿಂದ ಸಮತೋಲದ ಅಗತ್ಯವೇ ಬೀಳುವುದಿಲ್ಲ. ಪಾದ ಪೂರ್ತಿ ಊರುವುದಿಲ್ಲ, ಬೆರಳ ತುದಿಯಿಂದ ಒದೆಯುವುದೇ ಅಭ್ಯಾಸವಾಗುತ್ತದೆ. ಮುಂದಿನ ತಟ್ಟೆ ಅಡ್ಡ ಬಂದು ಮಗುವಿಗೆ ತನ್ನ ಕಾಲೇ ಕಾಣುವುದಿಲ್ಲ. ವಿಳಂಬಕ್ಕಿಂತ ದೊಡ್ಡ ವಿಷಯ ಪೆಟ್ಟು. ಅಮೆರಿಕದಲ್ಲಿ 1990ರಿಂದ 2014ರವರೆಗೆ 15 ತಿಂಗಳೊಳಗಿನ 2,30,000ಕ್ಕೂ ಹೆಚ್ಚು ಮಕ್ಕಳು ವಾಕರ್ ಅಪಘಾತದಿಂದ ಆಸ್ಪತ್ರೆಯ ತುರ್ತು ವಿಭಾಗ ಸೇರಿದ್ದಾರೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಪೆಟ್ಟು ಬಿದ್ದದ್ದು ತಲೆ ಅಥವಾ ಕುತ್ತಿಗೆಗೆ, ಮುಕ್ಕಾಲು ಭಾಗ ಮೆಟ್ಟಿಲಿನಿಂದ ಉರುಳಿದವರು. ಕೆನಡಾ 2004ರಲ್ಲೇ ಇದರ ಮಾರಾಟ, ಆಮದು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಚನ್ನಪಟ್ಟಣದ ಮರದ ಮೂರು ಗಾಲಿಯ ತಳ್ಳುಗಾಡಿಯನ್ನು ಇದರ ಸಾಲಿಗೆ ಸೇರಿಸಬೇಡಿ. ಅದರ ಹಿಂದೆ ಮಗು ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ, ಬಿಟ್ಟರೆ ಬೀಳುತ್ತದೆ. ಎದ್ದು ನಿಲ್ಲಲು ಕಲಿತಮೇಲೆ, ಯಾರಾದರೂ ನೋಡಿಕೊಳ್ಳುತ್ತಿರುವಾಗ ಅದು ಒಳ್ಳೆಯ ಆಟಿಕೆಯೇ.

ಬೀಳುವ ಮಾತು ಬಂದದ್ದರಿಂದ ಹೇಳಬೇಕು: ಬೀಳದೆ ನಡಿಗೆಯಿಲ್ಲ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಎಣಿಸಿದಂತೆ, 12ರಿಂದ 19 ತಿಂಗಳ ಮಕ್ಕಳು ಆಡುತ್ತ ಆಡುತ್ತ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತಾರೆ, 17 ಸಲ ಬೀಳುತ್ತಾರೆ. ಅಷ್ಟು ಎತ್ತರದಿಂದ ಕುಂಡೆಯ ಮೇಲೆ ಬಿದ್ದ ಮಗು ಬಹುಪಾಲು ಅಳುವುದೂ ಇಲ್ಲ, ಎದ್ದು ಹೊರಡುತ್ತದೆ. ಅಡಾಲ್ಫ್ ಅವರ ಇಳಿಜಾರಿನ ಪ್ರಯೋಗಗಳು ಇನ್ನೊಂದು ವಿಚಿತ್ರವನ್ನು ತೋರಿಸಿವೆ. ವಾರಗಟ್ಟಲೆ ಅಂಬೆಗಾಲಿಟ್ಟು ಪಳಗಿದ ಮಗು ಕಡಿದಾದ ಇಳಿಜಾರಿನ ಅಂಚಿಗೆ ಬಂದು ನಿಲ್ಲುತ್ತದೆ, ಕೈಯಾಡಿಸಿ ನೋಡುತ್ತದೆ, ಹಿಂದೆ ಸರಿಯುತ್ತದೆ. ಅದೇ ಮಗು ನಡೆಯಲು ಕಲಿತ ಹೊಸದರಲ್ಲಿ ಅದೇ ಇಳಿಜಾರಿಗೆ ಯೋಚಿಸದೆ ಕಾಲಿಡುತ್ತದೆ. ಅಂದರೆ ಅಂಚಿನ ಅರಿವು ಒಂದು ಭಂಗಿಯಿಂದ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ, ಪ್ರತಿ ಭಂಗಿಯಲ್ಲೂ ಹೊಸದಾಗಿ ಗಳಿಸಬೇಕು. ವಾಕರ್ ಯಾಕೆ ಅಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. ಮಗು ಗಳಿಸದ ವೇಗವನ್ನು ಅದು ಕೊಡುತ್ತದೆ, ಆ ವೇಗಕ್ಕೆ ತಕ್ಕ ಎಚ್ಚರವನ್ನು ಕೊಡಲಾರದು.

‘ಇದೆಲ್ಲ ಸರಿ, ಮನೆಯಲ್ಲಿ ನಾನೊಬ್ಬಳೇ. ಕುಕ್ಕರ್ ಇಡಬೇಕು, ಸ್ನಾನಕ್ಕೆ ಹೋಗಬೇಕು. ಮಗುವನ್ನು ನೆಲದ ಮೇಲೆ ಬಿಟ್ಟು ಕಾಯುವವರು ಯಾರು?’ ಈ ಆಕ್ಷೇಪ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಅಜ್ಜಿ, ಚಿಕ್ಕಮ್ಮ, ಅಕ್ಕಪಕ್ಕದವರು ಇದ್ದ ಮನೆಯ ಲೆಕ್ಕವನ್ನು ಇಬ್ಬರೇ ಇರುವ ಫ್ಲ್ಯಾಟಿಗೆ ಹಚ್ಚುವುದು ಅನ್ಯಾಯ. ಮಗು ಸುರಕ್ಷಿತವಾಗಿ ಒಂದು ಕಡೆ ಇರಬೇಕಾದ ಹತ್ತು ನಿಮಿಷ ಪ್ರತಿ ಮನೆಯಲ್ಲೂ ಬರುತ್ತದೆ. ಅದಕ್ಕೆ ಕಟಕಟೆಯ ಮಂಚವೋ ನಾಲ್ಕು ಕಡೆ ಬೇಲಿಯಿರುವ ಆಟದ ಅಂಕಣವೋ ವಾಕರ್‌ಗಿಂತ ಮೇಲು, ಯಾಕೆಂದರೆ ಅಲ್ಲಿ ಮಗು ಹೊರಳಬಹುದು, ಹಿಡಿದು ಏಳಬಹುದು. ಕುರ್ಚಿ, ಬೌನ್ಸರ್, ಸ್ಟ್ರಾಲರ್ ಯಾವುದಾದರೂ ಸರಿ, ಒಂದೇ ಸಮನೆ ಒಂದು ಗಂಟೆ ಮೀರಿ ಕಟ್ಟಿ ಕೂರಿಸಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದು ನೆನಪಿದ್ದರೆ ಸಾಕು. ಉಳಿದಂತೆ ನೆಲ ಕೊಳಕು, ತಣ್ಣಗೆ, ಜಾರುತ್ತದೆ ಎಂಬ ತಕರಾರುಗಳಿಗೆ ಪರಿಹಾರ ಸುಲಭ. ಒರೆಸಿದ ನೆಲಕ್ಕೊಂದು ಚಾಪೆ, ಅದರ ಮೇಲೆ ಜಮಖಾನ. ನುಣುಪಾದ ಟೈಲ್ಸ್ ಮೇಲೆ ಸಾಕ್ಸ್ ಬೇಡ, ಬರಿಗಾಲೇ ಒಳ್ಳೆಯದು. ನಾಣ್ಯ, ಗುಂಡಿಯಾಕಾರದ ಬ್ಯಾಟರಿ, ಕಡಲೆಬೀಜ, ತುಂಬಿದ ಬಕೆಟ್, ಕೈಗೆ ಸಿಗುವ ವೈರು ಇವು ದೂರವಿರಲಿ. ಡೈಪರ್ ಕೂಡ ಸ್ವಲ್ಪ ಹೊತ್ತು ಬಿಚ್ಚಿಡಿ; ಬರಿ ಮೈಯಲ್ಲಿ ಮಕ್ಕಳು ಡೈಪರ್ ಹಾಕಿದ್ದಕ್ಕಿಂತ ಚೆನ್ನಾಗಿ ಹೆಜ್ಜೆ ಹಾಕುತ್ತಾರೆ ಎಂದು ಅಡಾಲ್ಫ್ ಅವರ ತಂಡ ಅಳೆದೂ ತೋರಿಸಿದೆ. ಉಡಿದಾರ ಒಂದರಲ್ಲೇ ಅಂಗಳ ಸುತ್ತುವ ಕೂಸುಗಳ ನಾಡಿಗೆ ಇದೇನು ದೊಡ್ಡ ಸುದ್ದಿಯಲ್ಲ.

ಅಂಬೆಗಾಲಿಗೆ ನಾನು ಕೊಡುತ್ತಿರುವ ಮಹತ್ವವನ್ನು ಪ್ರಶ್ನಿಸುವವರೂ ಇದ್ದಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲೂ ಶೇ 4.3ರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದೆ ಹೋದರು. ಹಾಗಾಗಿ ಅಂಬೆಗಾಲಿಡದ ಮಗುವಿಗೆ ಮುಂದೆ ಓದು-ಬರಹ ಹತ್ತುವುದಿಲ್ಲ ಎಂದು ಹೆದರಿಸುವ ಮೊಬೈಲ್ ವಿಡಿಯೋಗಳನ್ನು ನಂಬಬೇಕಾಗಿಲ್ಲ. ಆದರೆ ಪಟ್ಟಿಯಿಂದ ತೆಗೆದದ್ದರ ಅರ್ಥ, ಅದು ಬಾರದಿದ್ದರೆ ರೋಗವೆಂದು ತಿಳಿಯಬೇಡಿ ಎಂದಷ್ಟೆ. ಅಂಬೆಗಾಲಿಟ್ಟು ಹೊಸಿಲು ದಾಟಿತೆಂದು ಸಿಹಿ ಮಾಡುವ ಮನೆಗಳು ಸಂಭ್ರಮಿಸುವುದರಲ್ಲಿ ತಪ್ಪಿಲ್ಲ. ಮಗು ಮೊದಲ ಬಾರಿಗೆ ತಾನು ಹೋಗಬೇಕೆಂದ ಕಡೆ ತಾನೇ ಹೋದದ್ದು ನಿಜಕ್ಕೂ ದೊಡ್ಡ ಘಟನೆ. ತೆವಳಿಯೋ, ಉರುಳಿಯೋ, ಕುಂಡೆ ಎಳೆದುಕೊಂಡೋ ಹೋದರೂ ಸಂಭ್ರಮ ಕಡಿಮೆಯಾಗಬೇಕಿಲ್ಲ.

ನೆಲವಿದ್ದರೆ ಎಲ್ಲ ಆಯಿತೆಂದು ನಾನು ವಾದಿಸುತ್ತಿಲ್ಲ. ಮೈಯಲ್ಲಿ ಕಸುವಿಲ್ಲದ ಮಗು ಚಾಪೆಯ ಮೇಲೆ ಬಿಟ್ಟರೂ ಸುಮ್ಮನೆ ಬಿದ್ದಿರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಸಂಶೋಧಕಿ ಬೆಟ್ಸಿ ಲೋಝೋಫ್ ಕೋಸ್ಟಾರಿಕಾದಲ್ಲಿ ಕಂಡಂತೆ ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನವಾದ ಕೂಸುಗಳು ಬೇಗ ಸುಸ್ತಾಗುತ್ತವೆ, ತಾಯಿಯನ್ನು ಬಿಟ್ಟು ದೂರ ಹೋಗುವುದಿಲ್ಲ, ಸುತ್ತಲಿನದನ್ನು ಹುಡುಕಾಡುವುದು ಕಡಿಮೆ. ಹೊರಗಿನಿಂದ ನೋಡಿದರೆ ‘ಪಾಪ, ಗಲಾಟೆಯೇ ಇಲ್ಲದ ಮಗು’. ಆರು ತಿಂಗಳು ತುಂಬುವವರೆಗೆ ಎದೆಹಾಲು, ಆಮೇಲೆ ರಾಗಿ ಸರಿಯ ಜೊತೆಗೆ ಬೇಳೆ, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ ಮತ್ತು ಮಾಂಸ, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ ವಾರಕ್ಕೆರಡು ಸಲ, ಹುಟ್ಟಿದಾಗಿನಿಂದ ದಿನಕ್ಕೆ 400 ಐಯು ವಿಟಮಿನ್ ಡಿ: ಇವಿಷ್ಟೂ ಚಲನೆಯ ಪಾಠದ ಭಾಗವೇ. ಸುಮ್ಮನಿರುವ ಮಗುವನ್ನು ಒಳ್ಳೆಯ ಮಗು ಎಂದು ಹೊಗಳುವ ಮುನ್ನ ಅದರ ಕಣ್ಣರೆಪ್ಪೆಯ ಒಳಬದಿ ಬಿಳಿಚಿಕೊಂಡಿದೆಯೇ ನೋಡುವುದು ವಾಸಿ.

ಕಿಟಕಿ ಅಗಲವಾಗಿದೆ ಅಂದಮಾತ್ರಕ್ಕೆ ಅದಕ್ಕೆ ಚೌಕಟ್ಟೇ ಇಲ್ಲವೆಂದಲ್ಲ. ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತುಂಬಿದರೂ ಕೂರದಿದ್ದರೆ, ಹದಿನೆಂಟು ತುಂಬಿದರೂ ನಡೆಯದಿದ್ದರೆ ಕಾಯಬಾರದು. ತಿಂಗಳ ಲೆಕ್ಕಕ್ಕಿಂತ ಬೇಗ ಸುಳಿವು ಕೊಡುವುದು ಚಲನೆಯ ಬಗೆ. ಎತ್ತಿಕೊಂಡಾಗ ಮೈ ಕೊರಡಿನಂತೆ ಸೆಟೆಯುವುದು ಅಥವಾ ಕೈಯಿಂದ ಜಾರುವಷ್ಟು ಸಡಿಲವಾಗಿರುವುದು, ಮೂರು-ನಾಲ್ಕು ತಿಂಗಳ ನಂತರವೂ ಮುಷ್ಟಿ ಬಿಚ್ಚದಿರುವುದು, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವುದು, ಕಲಿತದ್ದನ್ನು ಕಳೆದುಕೊಳ್ಳುವುದು. ಒಂದೇ ಕೈ ಚುರುಕಾಗಿದ್ದರೆ ‘ನೋಡಿ, ಈಗಲೇ ಬಲಗೈಯವನು’ ಎಂದು ಹೆಮ್ಮೆಪಡುವವರಿದ್ದಾರೆ. ಇನ್ನೊಂದು ಕೈ ಯಾಕೆ ಸುಮ್ಮನಿದೆ ಎಂಬುದೇ ಆಗ ಕೇಳಬೇಕಾದ ಪ್ರಶ್ನೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ತಿಂಗಳನ್ನು ಎಣಿಸಬೇಕಾದದ್ದು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಹಂತಗಳ ಚಿತ್ರಗಳಿವೆ, ಮೂರರಿಂದ ಹದಿನೈದನೇ ತಿಂಗಳವರೆಗೆ ಆಶಾ ಕಾರ್ಯಕರ್ತೆ ಐದು ಸಲ ಮನೆಗೆ ಬರುವ ವ್ಯವಸ್ಥೆಯಿದೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಕೇಂದ್ರಗಳಿವೆ. ದಿನವೂ ನೆಲದ ಮೇಲೆ ಆಡುವ ಮಗುವಿನಲ್ಲಿ ಇಂಥ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಕುರ್ಚಿಯಲ್ಲಿ ಒರಗಿ ಕೂತ ಮಗು ಎಲ್ಲವನ್ನೂ ಮುಚ್ಚಿಡಬಲ್ಲದು.

ಇಷ್ಟು ಹೇಳಿದರೂ ಒಂದು ಅಡಚಣೆ ಉಳಿಯುತ್ತದೆ, ಅದು ಮನಸ್ಸಿನದು. ನಮ್ಮಲ್ಲಿ ನೆಲ ಎಂಬುದು ಇಲ್ಲದವರ ಪಾಲು. ಮಂಚ, ಸೋಫಾ, ಕುರ್ಚಿ ಬಂದಮೇಲೆ ನೆಲದ ಮೇಲೆ ಕೂರುವುದೇ ಒಂದು ಮೆಟ್ಟಿಲು ಇಳಿದಂತೆ. ‘ಮಗುವನ್ನು ನೆಲಕ್ಕೆ ಬಿಟ್ಟಿದ್ದಾರೆ’ ಎಂಬುದು ದೂರಿನ ಮಾತಾಗಿಯೇ ಕೇಳಿಸುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023–24ರ ಬಜೆಟ್‌ನಲ್ಲಿ ಘೋಷಿಸಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳಂಥ ಕಡೆ ಈ ಭಾವನೆ ನೇರವಾಗಿ ಪರಿಣಾಮ ಬೀರಬಲ್ಲದು. ಸಂಜೆ ಕರೆದೊಯ್ಯಲು ಬಂದ ತಾಯಿಗೆ ಮಗುವಿನ ಮೊಣಕಾಲು ಮಾಸಿದ್ದು ಕಂಡರೆ ನೋಡಿಕೊಂಡಿಲ್ಲವೆಂದು ಅನ್ನಿಸಬಹುದು. ಆ ಆಕ್ಷೇಪಕ್ಕೆ ಹೆದರಿದ ಆರೈಕೆದಾರ್ತಿ ಮರುದಿನದಿಂದ ಎಲ್ಲ ಕೂಸುಗಳನ್ನೂ ತೊಟ್ಟಿಲಿನಲ್ಲೇ ಇಡುವುದು ಸಹಜ. ತಪಾಸಣೆಗೆ ಹೋದವರು ಹಾಜರಿ, ಊಟ, ತೂಕ ಕೇಳುತ್ತಾರೆ, ಕೇಳಲೇಬೇಕು. ಜೊತೆಗೆ ಎಚ್ಚರವಿದ್ದ ಹೊತ್ತಿನಲ್ಲಿ ಎಷ್ಟು ಮಕ್ಕಳು ಚಾಪೆಯ ಮೇಲಿದ್ದರು ಎಂದೂ ಕೇಳಿದರೆ, ಮಾಸಿದ ಮೊಣಕಾಲು ಯಾಕೆಂದು ತಾಯಿಗೆ ವಿವರಿಸುವ ಧೈರ್ಯ ಆ ಆರೈಕೆದಾರ್ತಿಗೆ ಬಂದೀತು.